ಪ್ರತಿಯಲ್ಲಿ ಇಲ್ಲದ ಅಕ್ಷರ

ನನಗೆ ಶಾಲು ಹೊದಿಸಬೇಕೆಂದು ಬೇಡಕಿಹಾಳದ ಕನ್ಯಾಶಾಲೆಯ ಕಮಿಟಿಯವರು ಠರಾವು ಮಾಡಿದ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರ ಮೇಲಲ್ಲ, ನನ್ನ ಮೇಲೆಯೇ. ‘ಹತ್ತು ವರ್ಷ ಶಾಲೆಯ ಕೆಲಸವನ್ನು ಪುಕ್ಕಟೆ ಮುದ್ರಿಸಿಕೊಟ್ಟ ದಾನಿ’ ಎಂದು ನೆನಪಿನ ಪುಸ್ತಕಕ್ಕೆ ನಾಲ್ಕು ಸಾಲು ಬರೆದು ತಂದು, ಅದನ್ನು ಮುದ್ರಿಸಲು ನನ್ನ ಕೈಗೇ ಕೊಟ್ಟರು. ನನ್ನ ಹೊಗಳಿಕೆಯ ಅಚ್ಚಿನ ಮೊಳೆಗಳನ್ನು ನಾನೇ ಜೋಡಿಸಬೇಕು. ‘ದಾನಿ’ ಎಂಬಲ್ಲಿಗೆ ಬಂದಾಗ ಕೈ ನಿಂತಿತು. ದಾನಿಯಂತೆ, ದಾನಿ. ಈ ದಾನಿ ಎಂಥ ಮನುಷ್ಯನೆಂದು ಇವತ್ತು ಹೇಳಿಬಿಡುತ್ತೇನೆ.

ನನ್ನ ಹೆಸರು ಧನಪಾಲ. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಪ್ರೆಸ್ಸು. ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಮೆಷಿನ್ನು, ಕನ್ನಡದ್ದೂ ಮರಾಠಿಯದ್ದೂ ಮೊಳೆ ತುಂಬಿದ ಮರದ ಕೇಸುಗಳು, ಮೂಲೆಯಲ್ಲಿ ಕಾಗದದ ರಾಶಿ. ಮಾಲೀಕನೂ ನಾನೇ, ಮೊಳೆ ಜೋಡಿಸುವವನೂ ನಾನೇ. ಇಂಥ ಪ್ರೆಸ್ಸನ್ನು ಬದುಕಿಸುವುದು ಮದುವೆ ಪತ್ರಿಕೆ. ಏಪ್ರಿಲ್, ಮೇ ತಿಂಗಳಲ್ಲಿ ನನಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ.

ನಮ್ಮ ಈ ಗಡಿಯಲ್ಲಿ ಹೆಂಗಸಿನ ಹೆಸರು ಬರೀ ಹೆಸರಾಗಿ ಅಚ್ಚಾಗುವುದಿಲ್ಲ. ಗಂಡ ಬದುಕಿದ್ದರೆ ಹೆಸರಿನ ಮುಂದೆ ‘ಸೌ.’, ಅಂದರೆ ಸೌಭಾಗ್ಯವತಿ. ಗಂಡ ಸತ್ತಿದ್ದರೆ ‘ಗಂ.ಭಾ.’, ಗಂಗಾಭಾಗೀರಥಿ, ಇದು ಮರಾಠಿ ಕಡೆಯಿಂದ ಬಂದದ್ದು. ಓದುವವನಿಗೆ ಆ ಹೆಂಗಸು ಯಾರೆಂದು ತಿಳಿಯುವ ಮೊದಲೇ ಆಕೆಯ ಗಂಡನ ಸುದ್ದಿ ತಿಳಿದುಬಿಡುತ್ತದೆ. ಒಂದು ಲಗ್ನಪತ್ರಿಕೆಯಲ್ಲಿ ಹತ್ತು ಹದಿನೈದು ‘ಸೌ.’ ಬೀಳುತ್ತಿದ್ದವು. ಸಲಸಲಕ್ಕೆ ಜೋಡಿಸುವುದು ಯಾರ ಕೈಲಾಗುತ್ತದೆ? ಹಾಗಾಗಿ ನಾನು ‘ಸೌ.’ ಎಂದು ಮೊದಲೇ ಜೋಡಿಸಿ, ದಾರ ಸುತ್ತಿ, ಇಪ್ಪತ್ತು ಕಟ್ಟು ಕೈಯಳತೆಯಲ್ಲಿ ಇಟ್ಟುಕೊಂಡಿರುತ್ತಿದ್ದೆ. ಹೆಂಗಸಿನ ಹೆಸರು ಬಂದರೆ ಕಣ್ಣು ನೋಡುವ ಮೊದಲೇ ಕೈ ಆ ಕಟ್ಟಿಗೆ ಹೋಗುತ್ತಿತ್ತು.

ಈ ‘ಸೌ.’, ‘ಗಂ.ಭಾ.’ ಎರಡನ್ನೂ ಕಂಡರೆ ಆಗದವರು ನಮ್ಮ ಅಕ್ಕುತಾಯಿ ಅಕ್ಕೋರು. ಶಿರಗುಪ್ಪಿಯ ಜೈನರ ಮನೆತನ. ಹದಿನಾರಕ್ಕೆ ಗಂಡ ಸತ್ತ, ಬಿಳಿ ಸೀರೆ ಬಂತು. ಉಳಿದವರಾದರೆ ಒಲೆಯ ಮುಂದೆ ಕೂತು ಜನ್ಮ ಸವೆಸುತ್ತಿದ್ದರು. ಇವರು ಅಪ್ಪನಿಂದ ಅಕ್ಷರ ಕಲಿತು, ಮಾಸ್ತರಿಕೆ ಪಾಸಾಗಿ, ರಾಯಬಾಗ, ಅಥಣಿ, ಕಾಗವಾಡ ಎಂದು ಬಸ್ಸಿನಲ್ಲಿ ತಿರುಗಿ ಹೆಣ್ಣುಮಕ್ಕಳನ್ನು ಸಾಲೆಗೆ ಎಳೆದು ತಂದರು. ಕೊನೆಗೆ ಬೇಡಕಿಹಾಳದಲ್ಲಿ ಒಂದು ದನದ ಕೊಟ್ಟಿಗೆ ಬಾಡಿಗೆ ಹಿಡಿದು ಕನ್ಯಾಶಾಲೆ ತೆಗೆದರು. ಮಧ್ಯಾಹ್ನ, ಗಂಡಸರು ಕಬ್ಬಿನ ಹೊಲದಲ್ಲಿ ಇರುವ ಹೊತ್ತಿಗೆ, ಅದೇ ಕೊಟ್ಟಿಗೆಯಲ್ಲಿ ವಿಧವೆಯರಿಗೆ ಓದು, ಹೊಲಿಗೆ. ಅವರು ಅ, ಆ, ಇ, ಈ ಎಂದು ಶುರು ಮಾಡುತ್ತಿರಲಿಲ್ಲ. ‘ಮೊದಲು ನಿನ್ನ ಹೆಸರು ಬರಿ, ಆಮ್ಯಾಲೆ ನಿನ್ನ ಊರು ಬರಿ. ಅವು ಕೈಗೆ ಕೂಡಲಿ, ಉಳಿದದ್ದು ನೋಡೋಣು’ ಎನ್ನುವುದು ಅವರ ಪದ್ಧತಿ.

ನನ್ನ ಪ್ರೆಸ್ಸಿಗೆ ಬಂದಾಗಲೆಲ್ಲ ಅವರು ಆ ದಾರ ಸುತ್ತಿದ ಕಟ್ಟುಗಳನ್ನು ನೋಡಿ ನಗುತ್ತಿದ್ದರು. “ಧನಪಾಲ, ನಿನ್ನ ಹೆಸರಿನ ಮುಂದ ಹೆಂಡತಿ ಇದ್ದಾಳೋ ಸತ್ತಾಳೋ ಅಂತ ಯಾರರೆ ಅಚ್ಚು ಹಾಕತಾರೇನು?”

“ಇಲ್ರಿ ಅಕ್ಕೋರ.”

“ಮತ್ತ ನಮ್ಮ ಶಾಲಿ ಕಾಗದದಾಗ ಇವು ಎರಡೂ ಬರಬಾರದು ನೋಡು. ಬರೀ ಹೆಸರು.”

ನಾನು ಹೂಂ ಎನ್ನುತ್ತಿದ್ದೆ. ಹೂಂ ಎಂದು ನನ್ನನ್ನು ನಾನು ದೊಡ್ಡ ಸುಧಾರಕನೆಂದೇ ತಿಳಿದಿದ್ದೆ.

೧೯೮೪ರ ಬೇಸಿಗೆ. ಶಾಲೆಗೆ ಸ್ವಂತ ಕಟ್ಟಡವಾಗಿತ್ತು. ಜಾಗ ಕೊಟ್ಟವಳು ಸೋನಾಬಾಯಿ, ಬೇಡಕಿಹಾಳದವಳೇ, ಮೂವತ್ತೆರಡರ ವಿಧವೆ. ಗಂಡ ತೀರಿಹೋಗಿ ಏಳು ವರ್ಷವಾಗಿತ್ತು. ತನ್ನ ಪಾಲಿನ ಹೊಲದಲ್ಲಿ ಹತ್ತು ಗುಂಟೆಯನ್ನು, ಮೈದುನ ಭಾವುಸಾಹೇಬ ಕುದಿಯುತ್ತಿದ್ದರೂ ಕೇಳದೆ, ಶಾಲೆಗೆ ಬರೆದುಕೊಟ್ಟಳು. ಬರೆದುಕೊಟ್ಟಳು ಎಂದರೆ, ಕಟ್ಟಡ ಮುಗಿಯುತ್ತ ಬಂದಾಗ ಕಾಗದಪತ್ರಕ್ಕೆ ಹೆಬ್ಬೆಟ್ಟು ಒತ್ತಿಕೊಟ್ಟಳು. ಆ ಮಸಿ ಒರೆಸಿಕೊಳ್ಳುತ್ತ ಅಕ್ಕೋರಿಗೆ ಹೇಳಿದಳಂತೆ: “ಇದು ಕಡೀ ಹೆಬ್ಬಟ್ಟರಿ. ಪತ್ರಿಕಾದಾಗ ನನ್ನ ಹೆಸರು ನಾನೇ ಬರದು ಕೊಡತೀನಿ.” ಮರುದಿನದಿಂದ ಮಧ್ಯಾಹ್ನದ ಪಾಠಕ್ಕೆ ಬಂದು ಕೂತಳು.

ಜೈನರು ಶಾಸ್ತ್ರಗ್ರಂಥಗಳನ್ನು ಪೂಜಿಸುವ ಶ್ರುತಪಂಚಮಿಯ ದಿನ ಕಟ್ಟಡದ ಉದ್ಘಾಟನೆ. ಆಮಂತ್ರಣದ ಪ್ರತಿಯನ್ನು, ಅಂದರೆ ಅಚ್ಚಿಗೆ ಕೊಡುವ ಬರಹವನ್ನು, ಅಕ್ಕೋರು ಬರೆದಿದ್ದರು. ‘ಭೂದಾನ ಮಾಡಿದವರು’ ಎಂಬ ಸಾಲಿನ ಕೆಳಗೆ ಜಾಗ ಬಿಟ್ಟು, ಜೊತೆಗೊಂದು ಬೇರೆ ಹಾಳೆ ಇಟ್ಟಿದ್ದರು. ಮಕ್ಕಳು ಬರೆಯುವ ಪಟ್ಟಿಯಿಂದ ಹರಿದ ಎರಡು ಗೆರೆಯ ಹಾಳೆ, ಪೆನ್ಸಿಲಿನಲ್ಲಿ ಬರೆದದ್ದು: ಸೋನಾಬಾಯಿ, ಬೇಡಕಿಹಾಳ. ಒಂದೊಂದು ಅಕ್ಷರ ಹುಣಸೆ ಬೀಜದಷ್ಟು ದಪ್ಪ. ಮೊದಲ ಅಕ್ಷರವನ್ನು ಒಮ್ಮೆ ಬರೆದು, ರಬ್ಬರಿನಿಂದ ತಿಕ್ಕಿ, ಮತ್ತೆ ಬರೆದಿದ್ದಳು. ಅಲ್ಲಿ ಕಾಗದ ಮಸುಕಾಗಿತ್ತು. ಹೆಸರಿನ ಮುಂದೆ ಏನೂ ಇರಲಿಲ್ಲ.

ನಾನು ‘ಸೌ.’ ಹಾಕಿದೆ.

ಬೇಕೆಂದು ಹಾಕಲಿಲ್ಲ, ಅಷ್ಟು ಮಾತ್ರ ನಿಜ. ಅವತ್ತು ಏಳು ಮದುವೆ ಪತ್ರಿಕೆ ಮೆಷಿನ್ನಿನ ಮುಂದೆ ಕಾದಿದ್ದವು. ಹೆಂಗಸಿನ ಹೆಸರು ಬಂತು, ಕೈ ಕಟ್ಟಿಗೆ ಹೋಯಿತು, ಮುಗಿಯಿತು. ಅಕ್ಕೋರು ಹೊಸ ಮಾಸ್ತರಣಿಯರನ್ನು ಹುಡುಕಲು ಅಥಣಿಗೆ ಹೋಗಿದ್ದರೆಂದು ಪ್ರೂಫನ್ನೂ ಕಳಿಸಲಿಲ್ಲ. ಐನೂರು ಕಾರ್ಡು ಹೊಡೆದು, ಕಟ್ಟು ಕಟ್ಟಿ, ಬೇಡಕಿಹಾಳದ ಬಸ್ಸಿಗೆ ಹಾಕಿಬಿಟ್ಟೆ. ಮರುದಿನವೇ ಕಮಿಟಿಯವರು ಮನೆಮನೆಗೆ ಹಂಚಿದರು. ‘ಭೂದಾನ ಮಾಡಿದವರು: ಸೌ. ಸೋನಾಬಾಯಿ, ಬೇಡಕಿಹಾಳ.’

ಏಳು ವರ್ಷದ ವಿಧವೆಗೆ ಐನೂರು ಕಾರ್ಡಿನಲ್ಲಿ ಗಂಡ ಹುಟ್ಟಿದ. ಊರಿಗೆ ಇನ್ನೇನು ಬೇಕು? ಚಹಾದಂಗಡಿಯಲ್ಲಿ ಕಾರ್ಡು ಕೈಯಿಂದ ಕೈಗೆ ಹೋಯಿತು. ಬಾವಿಯ ಹತ್ತಿರ ಹೆಂಗಸರು ಆಕೆಯನ್ನು ‘ಸೌಭಾಗ್ಯವತಿ ಬಂದಳು’ ಎಂದೇ ಕರೆದರಂತೆ. ಅಕ್ಷರ ಕಲಿಯಲು ಹೋದವಳು ಏನು ಕಲಿತಳು ನೋಡಿರಿ ಎಂದು ನಕ್ಕರಂತೆ.

ಮೂರನೆಯ ದಿನ ಭಾವುಸಾಹೇಬ ನನ್ನ ಪ್ರೆಸ್ಸಿಗೆ ಬಂದ. ಕಾರ್ಡನ್ನು ಮೊಳೆ ಕೇಸಿನ ಮೇಲೆ ಒಗೆದ.

“ಓದು ಇದನ್ನ.”

ಓದಿದೆ. ನನ್ನ ‘ಸೌ.’ ಆಗ ಕಣ್ಣಿಗೆ ಬಿತ್ತು.

“ನಮ್ಮಣ್ಣ ಸತ್ತು ಏಳು ವರ್ಷ ಆತು. ಈ ಸೌಭಾಗ್ಯ ಯಾರದು? ನೀ ಹಾಕಿದ್ಯೋ, ಆಕಿ ಬರದು ಕೊಟ್ಟಾಳೋ? ಇಷ್ಟು ಹೇಳು, ನಾ ಹೋಗತೀನಿ.”

ಬಾಗಿಲಲ್ಲಿ ಐಗಳಿ ಊರಿನ ಬೀಗರಿಬ್ಬರು ತಮ್ಮ ಲಗ್ನಪತ್ರಿಕೆಗಾಗಿ ಬೆಂಚಿನ ಮೇಲೆ ಕೂತಿದ್ದರು. ಇಬ್ಬರೂ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ವಿಧವೆಗೆ ‘ಸೌ.’ ಹಾಕುವ ಪ್ರೆಸ್ಸು ನಾಳೆ ಮುತ್ತೈದೆಗೆ ‘ಗಂ.ಭಾ.’ ಹಾಕುತ್ತದೆ ಎಂಬ ಸುದ್ದಿ ಹಬ್ಬಿದರೆ ಯಾವ ತಾಯಿ ತನ್ನ ಮಗಳ ಪತ್ರಿಕೆ ಇಲ್ಲಿ ಮುದ್ರಿಸಲು ಬಿಡುತ್ತಾಳೆ? ಇದೆಲ್ಲ ಒಂದು ಗಳಿಗೆಯಲ್ಲಿ ತಲೆಯಲ್ಲಿ ಹಾದುಹೋಯಿತು. ಸೋನಾಬಾಯಿಯ ಹಾಳೆ, ಮುಹೂರ್ತ ನೋಡಲು ಇಟ್ಟ ಪಂಚಾಂಗದ ಕೆಳಗೆ, ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಇತ್ತು. ತೆಗೆದು ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

“ಪ್ರತಿಯೊಳಗ ಇದ್ದಂಗ ಜೋಡಿಸೀನ್ರಿ ಭಾವುಸಾಹೇಬ್ರ” ಎಂದೆ. “ನಾವು ಸ್ವಂತದ್ದು ಏನೂ ಸೇರಸಂಗಿಲ್ಲ.”

ನಾಲಿಗೆ ತಡವರಿಸಲೂ ಇಲ್ಲ. ಭಾವುಸಾಹೇಬ ಐಗಳಿಯವರ ಕಡೆ ತಿರುಗಿ “ಕೇಳಿದ್ರಲ್ಲ” ಎಂದು ಹೊರಟುಹೋದ. ಐಗಳಿಯವರು ತಮ್ಮ ಕಾರ್ಡು ಎಣಿಸಿಕೊಂಡು, ಸಮಾಧಾನದಿಂದ ಹೋದರು.

ಅಥಣಿಯಿಂದ ಮರಳಿದ ಅಕ್ಕೋರು ನೇರ ನನ್ನ ಕಡೆ ಬಂದರು. ಸ್ಟೂಲಿನ ಮೇಲೆ ಕೂತು, ಕೊಡೆಯನ್ನು ಗೋಡೆಗೆ ಆನಿಸಿ, ನೀರು ಕುಡಿದು, ಆಮೇಲೆ ಕೇಳಿದರು: “ಸೋನಾಬಾಯಿ ಬರದ ಹಾಳಿ ಐತೇನು ಧನಪಾಲ?”

“ಕೆಲಸ ಆದ ಮ್ಯಾಲೆ ಹರದು ಒಗದಬಿಟ್ಟೀನ್ರಿ.”

“ಅದರಾಗ ಸೌ ಅಂತ ಇತ್ತು?”

“ಇತ್ತರಿ.”

“ಹಂಗಂತೀಯಾ” ಎಂದಷ್ಟೇ ಹೇಳಿ, ಚೀಲದಿಂದ ಶಾಲೆ ಶುರುವಾಗುವ ದಿನದ ಜಾಹೀರಾತಿನ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. ಹಣ ತೆಗೆಯಲು ಹೋದಾಗ ನಾನು ಬೇಡವೆಂದೆ. ಇನ್ನು ಮುಂದೆ ಶಾಲೆಯ ಕೆಲಸಕ್ಕೆ ಹಣ ಮುಟ್ಟುವುದಿಲ್ಲ ಎಂದೆ. ದಾನ ಶುರುವಾದದ್ದು ಹೀಗೆ.

ಉದ್ಘಾಟನೆಗೆ ಸೋನಾಬಾಯಿ ಬರಲಿಲ್ಲ. ಮಧ್ಯಾಹ್ನದ ಪಾಠಕ್ಕೂ ಮತ್ತೆ ಬರಲಿಲ್ಲ. ಅವಳೇ ಕೊಟ್ಟ ಜಾಗದಲ್ಲಿ ಶಾಲೆ ನಡೆಯಿತು, ವರ್ಷವರ್ಷ ಹುಡುಗಿಯರು ಹೆಚ್ಚಿದರು, ಅವಳು ಮಾತ್ರ ಆ ಗೇಟು ದಾಟಲಿಲ್ಲ ಎಂದು ಕೇಳುತ್ತಿದ್ದೆ. ಮೈದುನನ ಬಾಯಿಗೆ ಅಂಜಿ ಮನೆ ಹಿಡಿದಿದ್ದಾಳೆ ಎಂದುಕೊಂಡೆ. ಅಂಜಿಕೆ ಹಾಗೇ ಹೋಗುತ್ತದೆ ಎಂದುಕೊಂಡೆ. ನಾಚಿಕೆಗೆಟ್ಟವನಿಗೆ ಅಂದುಕೊಳ್ಳಲು ಎಷ್ಟೋ ಮಾತು ಸಿಗುತ್ತವೆ.

ಅಕ್ಕೋರು ಬರುವುದು ಬಿಡಲಿಲ್ಲ. ಆದರೆ ಅಂದಿನಿಂದ ಒಂದು ಹೊಸ ರೂಢಿ ಮಾಡಿಕೊಂಡರು. ಯಾವ ಪ್ರತಿ ತಂದರೂ ಕೆಳಗೆ ಒಂದು ಗೆರೆ ಎಳೆದು ‘ಇಷ್ಟೇ’ ಎಂದು ಬರೆದಿರುತ್ತಿದ್ದರು. ಪ್ರಶ್ನೆಪತ್ರಿಕೆಯ ಕೆಳಗೂ ‘ಇಷ್ಟೇ’, ಹೊಲಿಗೆ ಕ್ಲಾಸಿನ ಚೀಟಿಯ ಕೆಳಗೂ ‘ಇಷ್ಟೇ’. ಆ ಮಾತನ್ನು ನೋಡಿದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು. ಮುದುಕರಾಗುತ್ತ ಬಂದರು, ಎಚ್ಚರಿಕೆ ಜಾಸ್ತಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸೋನಾಬಾಯಿಯ ಹಾಳೆಯನ್ನು ಮಾತ್ರ ಹರಿಯಲಿಲ್ಲ, ಸುಡಲಿಲ್ಲ. ಪಂಚಾಂಗ ವರ್ಷವರ್ಷ ಬದಲಾಯಿತು, ಹಾಳೆ ಹಳೆಯದರಿಂದ ಹೊಸದರ ಕೆಳಗೆ ಸರಿಯಿತು.

ಹೀಗೆ ಹತ್ತು ವರ್ಷ. ೧೯೯೪ರಲ್ಲಿ ಕಟ್ಟಡದ ದಶಮಾನೋತ್ಸವ ಬಂತು, ಶಾಲು ಬಂತು, ‘ದಾನಿ’ ಬಂತು. ಅಂದೇ ಮೆಷಿನ್ನು ನಿಲ್ಲಿಸಿ, ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಬೇಡಕಿಹಾಳದ ಬಸ್ಸು ಹತ್ತಿದೆ.

ಅಕ್ಕೋರು ಶಾಲೆಯ ಹಿಂದಿನ ಕೋಣೆಯಲ್ಲಿ ಇದ್ದರು. ಕಾಲು ಬಾತಿತ್ತು, ಮಂಚ ಬಿಟ್ಟು ಏಳುವುದು ಕಡಿಮೆಯಾಗಿತ್ತು.

“ನನಗ ಶಾಲು ಬ್ಯಾಡ್ರಿ ಅಕ್ಕೋರ.”

“ಯಾಕೋ?”

ಹಾಳೆ ತೆಗೆದು ಅವರ ಕೈಗೆ ಕೊಟ್ಟೆ. ಚಷ್ಮಾ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಹರದು ಒಗದೀನಿ ಅಂದಿದ್ದಿ.”

“ಸುಳ್ಳು ಹೇಳಿದ್ದೆನ್ರಿ. ಅದೂ ಸುಳ್ಳು, ಮೊದಲಿಂದೂ ಸುಳ್ಳು. ಸೌ ನಂದರಿ. ಆಕಿ ಬರದಿದ್ದಿಲ್ಲ.”

“ಗೊತ್ತಿತ್ತು” ಎಂದರು.

ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. “ಎಣಸು. ಅದರಾಗ ಎಷ್ಟು ಅಕ್ಷರ ಅದಾವು?”

ಬೆರಳಿಟ್ಟು ಎಣಿಸಿದೆ. ಸೋ, ನಾ, ಬಾ, ಯಿ. ಬೇ, ಡ, ಕಿ, ಹಾ, ಳ. ಒಂಬತ್ತು.

“ಆವತ್ತ ಆಕಿಗೆ ಬರತಿದ್ದದ್ದು ಇಷ್ಟೇ ನೋಡು. ಹೆಸರು ಕಲಿಸಿದ್ದೆ, ಊರು ಕಲಿಸಿದ್ದೆ. ಒಂಬತ್ತು. ಸೌ ನಾ ಇನ್ನೂ ಕಲಿಸಿದ್ದಿಲ್ಲ. ಬಾರದ ಅಕ್ಷರ ಆಕಿ ಹೆಂಗ ಬರೀತಾಳ?”

“ಭಾವುಸಾಹೇಬಗ ಇದನ್ನ ಹೇಳಲಿಲ್ಲೇನ್ರಿ?”

“ಹೇಳಿದೆ. ಅವನ ಕಟ್ಟಿ ಮ್ಯಾಲೆ ಕುಂತು ಹೇಳಿದೆ. ‘ಪ್ರೆಸ್ಸಿನವಗ ಸುಳ್ಳು ಹೇಳಿ ಏನ ಬರೂದೈತಿ? ನೀವು ವಿಧವಾ ವಿಧವಾ ಒಂದಾಗೀರಿ’ ಅಂದ. ಅಲ್ಲಿ ಕುಂತವರೆಲ್ಲ ಹೌದಂದ್ರು. ನಿನ್ನ ಒಂದು ಮಾತಿನ ಮುಂದ ನನ್ನ ಮಾತು ನಡೀಲಿಲ್ಲ ಧನಪಾಲ.”

ನನಗೆ ಕೂತುಕೊಳ್ಳಬೇಕೆನಿಸಿತು, ಕೂತುಕೊಳ್ಳಲು ಧೈರ್ಯವಾಗಲಿಲ್ಲ.

“ಗೊತ್ತಿದ್ದೂ ಹತ್ತು ವರ್ಷ ನನ್ನ ಕಡೆನೇ ಯಾಕ ಬಂದ್ರಿ? ನಿಪ್ಪಾಣಿಯೊಳಗ ಎಷ್ಟೋ ಪ್ರೆಸ್ ಅದಾವಲ್ಲ.”

“ಈ ವರ್ಷ ಹೇಳತಾನ, ಈ ವರ್ಷ ಹೇಳತಾನ ಅಂತ ಬರತಿದ್ದೆ” ಎಂದರು ಅಕ್ಕೋರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಹಾಳೆಯನ್ನು ಮಡಿಸಿ ನನ್ನ ಜೇಬಿಗೇ ಮರಳಿ ಇಟ್ಟರು. “ಇದನ್ನ ನನಗ ತೋರಿಸಿ ಏನಾತು? ಆಕಿ ಮನಿ ಇಲ್ಲೇ ಎರಡು ಓಣಿ ದಾಟಿದ್ರ ಬರತೈತಿ.”

ಸೋನಾಬಾಯಿ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಹತ್ತು ವರ್ಷದಲ್ಲಿ ಕೂದಲು ಅರ್ಧ ಬಿಳಿಯಾಗಿತ್ತು. ನಾನು ಯಾರೆಂದು ಹೇಳಿದ ಕೂಡಲೇ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಬರುವ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಕೆಟ್ಟುಹೋದವು.

“ವೈನಿ, ಆ ಪತ್ರಿಕಾದಾಗ ಸೌ ಹಾಕಿದಾಂವ ನಾನರಿ. ಕೈ ತಪ್ಪಿ ಹಾಕಿದೆ. ಆಮ್ಯಾಲೆ ನೀವೇ ಬರದೀರಿ ಅಂತ ನಿಮ್ಮ ಮ್ಯಾಲೆ ಹೇಳಿದೆ.”

ಹಾಳೆ ಕೊಟ್ಟೆ. ಆಕೆ ಅದನ್ನು ಬೆಳಕಿಗೆ ಹಿಡಿದಳು. ಮೊದಲ ಅಕ್ಷರದ ಹತ್ತಿರ, ರಬ್ಬರಿನಿಂದ ತಿಕ್ಕಿದ ಮಸುಕಿನ ಮೇಲೆ, ಬೆರಳು ಇಟ್ಟಳು.

“ಇಲ್ಲಿ ಸೌ ಇಲ್ಲೇನ್ರಿ?”

“ಇಲ್ರಿ. ಅದು ಸೋ. ಸರಿಯಾಗೇ ಬರದೀರಿ.”

“ಚಲೋ ನೋಡಿ ಹೇಳ್ರಿ ಅಣ್ಣಾರ. ಇದನ್ನ ಒಮ್ಮೆ ಬರದು ಅಳಿಸಿದ್ದೆ. ಅಳಿಸಿದ್ದು ಪೂರಾ ಹೋಗಿರಾಕಿಲ್ಲ, ಅದೇ ಸೌ ಆಗಿ ಕುಂತಿರಬೇಕು ಅಂತ ತಿಳಕೊಂಡಿದ್ದೆ.”

“ಇಲ್ರಿ ವೈನಿ. ಅಲ್ಲೇನೂ ಇಲ್ಲ.”

ಆಕೆ ಹಾಳೆಯನ್ನು ಮೊರದ ಪಕ್ಕಕ್ಕೆ ಇಟ್ಟಳು. “ಮಂದಿ ಬೈದರಂತ ನಾ ಸಾಲಿ ಬಿಟ್ಟಿಲ್ರಿ. ಬೈಸಿಕೊಂಡು ನನಗ ರೂಢಿ ಇತ್ತು. ನನಗ ತಿಳೀದಂಗ ನನ್ನ ಕೈ ಏನರೆ ಬರದು ಬಿಡತೈತಿ ಅಂತ ಅಂಜಿಕಿ ಆತು. ಅಕ್ಕೋರು ಮನಿತನಕ ಬಂದು, ನೀ ಬರದಿಲ್ಲ ಅಂದ್ರು. ನನ್ನ ಸಮಾಧಾನಕ್ಕ ಅಂತಾರ ಅಂದುಕೊಂಡೆ. ಪ್ರೆಸ್ಸಿನವ್ರು ಓದು ಬಲ್ಲವ್ರು, ಅವ್ರು ಬರದಾಳ ಅಂದ ಮ್ಯಾಲೆ ನನ್ನ ಕೈ ಬರದದ್ದೇ ಖರೆ ಅಂತ ತಿಳಕೊಂಡೆ.”

ಮೈದುನನಿಗೆ ಅಂಜಿ ಅಲ್ಲ, ಊರಿಗೆ ಅಂಜಿ ಅಲ್ಲ. ನನ್ನ ಮಾತನ್ನು ನಂಬಿ ಆಕೆ ತನ್ನ ಕೈಯನ್ನೇ ಹತ್ತು ವರ್ಷ ನಂಬಲಿಲ್ಲ. ಇದನ್ನು ಕೇಳಿಸಿಕೊಂಡು ನಾನು ಅಲ್ಲಿ ಹೇಗೆ ನಿಂತಿದ್ದೆನೋ. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದು ಬರೀ ಮಾತಲ್ಲವೆಂದು ಅವತ್ತು ತಿಳಿಯಿತು.

“ಪುಸ್ತಕದಾಗ ತಿದ್ದುಪಡಿ ಹಾಕತೀನ್ರಿ” ಎಂದೆ. “ಎಲ್ಲಾರ ಮುಂದ ಓದತೀನಿ. ನಿಮ್ಮ ಹೆಸರಿನ ಮುಂದ ಏನ ಹಾಕಲ್ರಿ?”

“ಏನೂ ಹಾಕಬ್ಯಾಡ್ರಿ. ಮೊದಲೂ ಏನೂ ಇದ್ದಿದ್ದಿಲ್ಲಲ್ಲ.”

ತಿದ್ದುಪಡಿಯನ್ನು ದಪ್ಪ ಮೊಳೆಯಲ್ಲಿ ಜೋಡಿಸಿದೆ, ‘ದಾನಿ’ ಇದ್ದ ಜಾಗದಲ್ಲೇ. ‘೧೯೮೪ರ ಆಮಂತ್ರಣದಲ್ಲಿ ಸೋನಾಬಾಯಿ ಅವರ ಹೆಸರಿನ ಮುಂದೆ ಬಿದ್ದ ಅಕ್ಷರ ಪ್ರತಿಯಲ್ಲಿ ಇರಲಿಲ್ಲ. ಅದು ಮುದ್ರಕನ ತಪ್ಪು. ಪ್ರತಿಯಲ್ಲಿತ್ತು ಎಂದು ಮುದ್ರಕ ಹೇಳಿದ್ದು ಸುಳ್ಳು. ಧನಪಾಲ, ಚಿಕ್ಕೋಡಿ.’ ಕಾರ್ಯಕ್ರಮದ ದಿನ ಶಾಲು ಹಿಡಿದು ನಿಂತವರಿಗೆ ಕೈಮುಗಿದು, ಮೈಕಿನ ಮುಂದೆ ನಿಂತು ಅದನ್ನೇ ಓದಿದೆ. ಅಕ್ಕೋರು ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತು, ಪರೀಕ್ಷೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯ ಕಡೆ ನೋಡುವಂತೆ ನನ್ನನ್ನು ನೋಡುತ್ತಿದ್ದರು.

ವೇದಿಕೆ ಇಳಿದಾಗ ಭಾವುಸಾಹೇಬ ಎದುರಾದ. ಅವನಿಗೂ ವಯಸ್ಸಾಗಿತ್ತು. ಬೆನ್ನ ಮೇಲೆ ಕೈಯಿಟ್ಟು ನಕ್ಕ. “ಏ ಧನಪಾಲ, ಯಾವ ಕಾಲದ ಮಾತೋ ಅದು. ಅದನ್ನ ಯಾರ ನೆನಪಿಟ್ಟಾರ?”

ಅವನು ಹೇಳಿದ್ದು ಸುಳ್ಳಲ್ಲ. ಊರು ಆರು ತಿಂಗಳು ನಕ್ಕು ಮರೆತುಬಿಟ್ಟಿತ್ತು. ಆಮೇಲೆ ಎಷ್ಟೋ ಮಂದಿಯನ್ನು ನೋಡಿ ನಕ್ಕಿತ್ತು. ನೆನಪಿಟ್ಟವಳು ಒಬ್ಬಳೇ. ಅವಳು ಅಂದು ಮೊದಲ ಸಲ ಆ ಗೇಟು ದಾಟಿ ಬಂದಿದ್ದಳು, ಅದೇ ಶಾಲೆಯಲ್ಲಿ ಮೂರನೆಯ ಇಯತ್ತೆ ಓದುವ ತಂಗಿಯ ಮಗಳ ಕೈಹಿಡಿದು.

ಬಾಗಿಲ ಹತ್ತಿರ ಮೇಜಿನ ಮೇಲೆ ಬಂದವರ ಸಹಿಯ ಪುಸ್ತಕ ಇತ್ತು. ಪಕ್ಕದಲ್ಲಿ ಪೆನ್ನು, ಸಹಿ ಬಾರದವರಿಗೆ ಮಸಿಯ ಡಬ್ಬಿ. ಸರದಿ ಬಂದಾಗ ಸೋನಾಬಾಯಿ ಪೆನ್ನನ್ನು ಕೈಗೆ ತೆಗೆದುಕೊಂಡಳು. ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಆಕೆ ಹಾಳೆಯ ಮೇಲೆ ಪೆನ್ನಿನ ತುದಿ ಊರಿದಳು, ಅಲ್ಲೇ ತಡೆದಳು. ಒಂದು ಚುಕ್ಕೆ ಮೂಡಿ ದೊಡ್ಡದಾಗುತ್ತ ಹೋಯಿತು. ಆಮೇಲೆ ಪೆನ್ನು ಕೆಳಗಿಟ್ಟು, ಮಸಿಯ ಡಬ್ಬಿಯಲ್ಲಿ ಹೆಬ್ಬೆಟ್ಟು ಒತ್ತಿ, ಆ ಚುಕ್ಕೆಯ ಮೇಲೆಯೇ ಗುರುತು ಹಾಕಿದಳು. ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ ತಿರುಗಿದಾಗ ನನ್ನನ್ನು ಕಂಡಳು.

“ಕೈ ಮರತೈತ್ರಿ ಅಣ್ಣಾರ” ಎಂದಳು. “ಹೆಬ್ಬಟ್ಟಿನ ಮಗ್ಗಲ ಹೆಸರು ಬರೀಬೇಕಂತ. ನೀವೇ ಬರದು ಕೊಡ್ರಿ.”

ಪೆನ್ನು ತೆಗೆದುಕೊಂಡೆ. ಮೂವತ್ತು ವರ್ಷ ಅಕ್ಷರವನ್ನೇ ಮುಟ್ಟಿ ಅನ್ನ ತಿಂದವನು ನಾನು. ‘ಸ’ ಬರೆದು ನಿಂತೆ. ತಂಗಿಯ ಮಗಳು ಮೇಜಿನ ಅಂಚಿಗೆ ಗದ್ದ ಊರಿ ನನ್ನ ಕೈಯನ್ನೇ ನೋಡುತ್ತಿದ್ದಳು.

“ಸೋ ಬರೀರಿ ಅಜ್ಜಾ, ಸೌ ಅಲ್ಲ” ಎಂದಳು ಆ ಹುಡುಗಿ.

ನಾನು ತಲೆ ತಗ್ಗಿಸಿ ‘ಸೋ’ ಬರೆದೆ.